ಕುಸುಮಳ ಗುಪ್ತ ವರದಿ

ಐನಾಪುರದ ಕುಸುಮ ಮಗದುಮ್ ಅಥಣಿಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಳು. ಸೇರಿದ ಹೊಸತರಲ್ಲಿ ಭಾನುವಾರವೂ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕೃಷ್ಣೆಯ ದಂಡೆಗೆ ಹೋಗಿ ಗಿಡಗಂಟಿ ಗುರುತಿಸುವುದೆಂದರೆ ಅವಳಿಗೆ ಹಬ್ಬ.

೧೯೮೭ರ ಜೂನ್‌ನಲ್ಲಿ ಗ್ರಂಥಾಲಯದ ಲಗಮಣ್ಣನನ್ನು ಕೆಲಸದಿಂದ ತೆಗೆದರು. ಹದಿನಾಲ್ಕು ವರ್ಷ ದುಡಿದವನು. ಕಾರಣ ಕೇಳಿದರೆ, ಪ್ರಾಂಶುಪಾಲರು ಅವನ ಕೆಲಸದ ಬಗ್ಗೆ ಬರೆದ ಗುಪ್ತ ವರದಿ ಚೆನ್ನಾಗಿಲ್ಲ ಎಂದರು. ಅದರಲ್ಲೇನಿದೆ ಎಂದು ತೋರಿಸಲಿಲ್ಲ.

"ಅಕ್ಕಾರ, ನನ್ನ ತಪ್ಪೇನಂತ ಯಾರರ ಹೇಳ್ರಿ," ಎಂದು ಅವನು ಗೇಟಿನ ಬಳಿ ಕುಸುಮಳ ಮುಂದೆ ಅತ್ತ. ಅಂಥದೇ ವರದಿ ವರ್ಷವರ್ಷವೂ ಅವಳ ಬಗ್ಗೆಯೂ ಆಡಳಿತ ಮಂಡಳಿಗೆ ಹೋಗುತ್ತಿತ್ತು.

ಅಂದಿನಿಂದ ನದಿಗೆ ಹೋಗುವುದು ನಿಂತಿತು. ಯಾರಾದರೂ ಜಾರಿ ಬಿದ್ದರೆ? ಯಾರಾದರೂ ಅದನ್ನು ಬರೆದರೆ? ಸಭೆಗಳಲ್ಲಿ ಅವಳು ಬಾಯಿ ಬಿಡಲಿಲ್ಲ. ಪಾಠ ಮುಗಿಸಿ, ತಲೆ ತಗ್ಗಿಸಿಕೊಂಡು ಬಸ್ಸು ಹಿಡಿಯುತ್ತಿದ್ದಳು.

ಏಳು ವರ್ಷದ ಮೇಲೆ ಬಂದ ಹೊಸ ಪ್ರಾಂಶುಪಾಲರು, ಎಲ್ಲರೂ ತಮ್ಮ ವರದಿ ಓದಿ ಸಹಿ ಮಾಡಬೇಕೆಂದರು. ಕುಸುಮ ತನ್ನ ವರದಿಯ ಹಾಳೆಗಳನ್ನು ಒಂದೊಂದಾಗಿ ತಿರುವಿದಳು. ಮೊದಲ ಪುಟದಲ್ಲಿ "ಉತ್ಸಾಹಿ, ವಿದ್ಯಾರ್ಥಿಗಳಿಗೆ ಅಚ್ಚುಮೆಚ್ಚು" ಎಂದಿತ್ತು. ಎಂಬತ್ತೆಂಟರಿಂದ ಮುಂದೆ ಒಂದೇ ಮಾತು: "ಕೆಲಸದಲ್ಲಿ ಆಸಕ್ತಿ ಇಲ್ಲ."

"ಇದು ಖರೇ ಏನ್ರಿ?" ಅವರು ಮೆತ್ತಗೆ ಕೇಳಿದರು.

"ಖರೇ ಐತ್ರಿ ಸರ್. ಮೊದಲನೇ ಪಾನ ಆವಾಗ ತೋರಿಸಿದ್ರ, ಉಳಿದದ್ದು ಬರಿಯೂ ಪ್ರಸಂಗನ ಬರ್ತಿರಲಿಲ್ಲ."

ಅಂದುಬಿಟ್ಟ ಮೇಲೆ ಅವಳಿಗೆ ಗಾಬರಿಯಾಯಿತು. ಈ ಮಾತನ್ನೂ ಬರೆದುಕೊಳ್ಳುವರೇ? ಪ್ರಾಂಶುಪಾಲರು ಪೆನ್ನನ್ನು ಅವಳತ್ತ ಸರಿಸಿ, "ಅದನ್ನ ನೀವ ಬರೀರಿ," ಎಂದರು.

ಕುಸುಮ ಆ ಮಾತನ್ನೇ ವರದಿಯ ಕೆಳಗೆ ಬರೆದಳು. ಬರೆದು ಮುಗಿಸುವವರೆಗೂ ಬಾಗಿಲ ಕಡೆ ನೋಡುತ್ತಲೇ ಇದ್ದಳು.