ಬೀಗದಕ್ಕನ ರಜೆ

ಆ ಆಸ್ಪತ್ರೆಯಲ್ಲಿ ಆಕೆಯನ್ನು ಸಿಸ್ಟರ್ ಎಂದು ಕರೆಯುವವರು ರೋಗಿಗಳು ಮತ್ತು ಅವರ ಕಡೆಯವರು ಮಾತ್ರ. ಉಳಿದವರಿಗೆಲ್ಲ ಆಕೆ ಬೀಗದಕ್ಕ. ಎದುರಿಗೆ ಹಾಗೆ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲವೆನ್ನಿ. ಹಾಗೆಂದು ಆಕೆಯ ಕಿವಿಗೆ ಬೀಳದೇ ಇರುತ್ತದೆಯೇ?

ಗಂಡಸರ ವಾರ್ಡಿನ ಮುಖ್ಯ ನರ್ಸ್ ಆಕೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬೀಗದ ಗೊಡವೆಯೇ ಇರಲಿಲ್ಲ. ಆದರೆ ಹೊಟ್ಟೆಯ ನೀರು ತೆಗೆಯುವಂಥ, ಹಾಸಿಗೆಯ ಪಕ್ಕದಲ್ಲೇ ಮುಗಿಯುವ ಕೆಲಸಗಳು ಏನೋ ಒಂದು ಸಾಮಾನಿಗಾಗಿ ನಿಂತುಬಿಡುತ್ತಿದ್ದವು. ಸೂಜಿ ಇದ್ದರೆ ಕೊಳವೆ ಇಲ್ಲ. ಎರಡೂ ಸಿಕ್ಕ ಹೊತ್ತಿಗೆ ಡಾಕ್ಟರು ನಾಪತ್ತೆ. ಸ್ಟೋರಿನವನನ್ನು ಕೇಳಿದರೆ ನಾಳೆ ಬನ್ನಿ ಎನ್ನುತ್ತಿದ್ದ. ಓಡಾಡಿ ಓಡಾಡಿ ಆಕೆಯ ಮೊಣಕಾಲು ಕೈಕೊಟ್ಟಿತು. ಕೊನೆಗೆ ಸಾಕಾಗಿ, ಸಿಕ್ಕಾಗ ಸೂಜಿ-ಕೊಳವೆಯ ಒಂದೆರಡು ಸೆಟ್ ಹೆಚ್ಚಿಗೆ ತಂದು, ಕಪಾಟಿನಲ್ಲಿ ಹೊದಿಕೆಗಳ ಹಿಂದೆ ತುರುಕಿ ಬೀಗ ಜಡಿಯತೊಡಗಿದಳು. ಯಾರಿಗೂ ಹೇಳುತ್ತಿರಲಿಲ್ಲ. ಹೇಳಿದರೆ ಪಕ್ಕದ ವಾರ್ಡಿನವರು ಹಲ್ಲು ಗಿಂಜುತ್ತ ಬರುತ್ತಾರಲ್ಲ. ಅವರೇನೂ ಸಾಚಾಗಳಲ್ಲ, ಅವರ ಕಪಾಟುಗಳಿಗೂ ಬೀಗವಿತ್ತು.

ಆ ಸಲ ಆಕೆ ಎತ್ತಿಟ್ಟಿದ್ದು ಡ್ರೈವರ್ ಅಜ್ಜನಿಗಾಗಿ. ಜೀವಮಾನವೆಲ್ಲ ಬಸ್ಸು ಓಡಿಸಿದ ಮನುಷ್ಯ. ಈಗ ಲಿವರ್ ಕೆಟ್ಟು, ಹೊಟ್ಟೆಯಲ್ಲಿ ನೀರು ತುಂಬಿ, ಮಲಗಿದರೆ ಉಸಿರು ಕಟ್ಟುತ್ತಿತ್ತು. ಕೂತೇ ತೂಕಡಿಸಬೇಕು; ಆಸರೆಗೆ ಅವನ ಹೆಂಡತಿ, ಅಜ್ಜಿ, ಜೊತೆಗಿದ್ದಳು. ನಾಳೆ ಬೆಳಿಗ್ಗೆ ಡಾಕ್ಟರು ನೀರು ತೆಗೆಯುತ್ತಾರೆ, ಆಮೇಲೆ ಹಾಯಾಗಿ ಮಲಗಬಹುದು ಎಂದು ಅಜ್ಜನಿಗೆ ಹೇಳಿ ಆಕೆ ಹೊರಟಳು. ಮಾರನೆಯ ದಿನ ಆಕೆಗೆ ರಜೆ. ರಜೆಯ ಮುಖ ನೋಡಿ ಯಾವ ಕಾಲವಾಗಿತ್ತೋ! ಸೆಟ್ ಕಪಾಟಿನಲ್ಲಿದೆ ಎಂದು ಕೈಕೆಳಗಿನ ಚಿಕ್ಕ ನರ್ಸಿಗೆ ಹೇಳುವುದು ಮರೆತೇಹೋಯಿತು, ಕೀಲಿ ಎಂದಿನಂತೆ ಬ್ಯಾಗಿನಲ್ಲಿ ಮನೆಗೆ ಹೋಯಿತು. ಆಕೆ ದಿನವಿಡೀ ಸತ್ತವಳ ಹಾಗೆ ಮಲಗಿದಳು.

ಇತ್ತ ಡಾಕ್ಟರು, ಎಂದೂ ಇಲ್ಲದ್ದು, ಹೇಳಿದ ಹೊತ್ತಿಗೇ ಬಂದರು. ಸೆಟ್ ಇಲ್ಲ. ಚಿಕ್ಕ ನರ್ಸ್ ವಾರ್ಡಿಂದ ವಾರ್ಡಿಗೆ ಅಲೆದಳು, ಎಲ್ಲರೂ ಕೈಯೆತ್ತಿದರು. ಅಷ್ಟರಲ್ಲಿ ಡಾಕ್ಟರಿಗೆ ಇನ್ನೊಂದು ಕಡೆಯಿಂದ ಕರೆ ಬಂತು. ಹೋದವರು ತಿರುಗಿ ಬರಲಿಲ್ಲ. ಬೀಗದಕ್ಕನಿಗೆ ಫೋನು ಮಾಡೋಣವೆಂದು ಯಾರೋ ಅಂದಾಗ, ಪಾಪ, ಒಂದು ದಿನವಾದರೂ ಮಲಗಲಿ ಎಂದು ಚಿಕ್ಕ ನರ್ಸೇ ಬೇಡವೆಂದಳಂತೆ.

ಮರುದಿನ ಬೀಗದಕ್ಕ ಒಳಗೆ ಬಂದಾಗ ಅಜ್ಜ ಅಜ್ಜಿಯ ಬೆನ್ನಿಗೆ ಬೆನ್ನು ಕೊಟ್ಟು ಕೂತೇ ಇದ್ದ. ವಿಷಯ ತಿಳಿದು ಆಕೆ ಬ್ಯಾಗಿನಿಂದ ಕೀಲಿ ಹುಡುಕಿ ತೆಗೆದಳು. ಕಪಾಟು ತೆಗೆದು, ಡಾಕ್ಟರ ಬೆನ್ನು ಹತ್ತಿ ಕರೆತಂದಳು. ಮಧ್ಯಾಹ್ನದ ಹೊತ್ತಿಗೆ ನೀರು ಇಳಿದು, ಅಜ್ಜ ದಿಂಬಿಗೆ ತಲೆ ಇಟ್ಟ. ಅಜ್ಜಿ ಆಕೆಯ ಕೈ ಹಿಡಿದುಕೊಂಡಳು.

"ನೀವಿದ್ರೆ ಮಾತ್ರ ಇಲ್ಲಿ ಕೆಲಸ ಆಗೋದು ಸಿಸ್ಟರ್. ನಿನ್ನೆ ಇದ್ದೋರೆಲ್ಲ ದಂಡ."

ಚಿಕ್ಕ ನರ್ಸ್ ಅಲ್ಲೇ ತಲೆ ತಗ್ಗಿಸಿ ನಿಂತಿದ್ದಳು. ಬೀಗದಕ್ಕ ಹೊಗಳಿಕೆಯನ್ನು ನುಂಗಿಕೊಂಡು ಸುಮ್ಮನಿರಬಹುದಿತ್ತು. ಆಕೆ ಚಿಕ್ಕ ನರ್ಸನ್ನು ಪಕ್ಕಕ್ಕೆ ಕರೆದು ನಿಲ್ಲಿಸಿಕೊಂಡಳು.

"ಇವಳದ್ದೇನೂ ತಪ್ಪಿಲ್ಲ ಅಜ್ಜಿ. ಸಾಮಾನು ಇಲ್ಲೇ ಇತ್ತು. ನಾನೇ ಬಚ್ಚಿಟ್ಟು ಬೀಗ ಹಾಕ್ಕೊಂಡು ಹೋಗಿದ್ದೆ."

ಇನ್ನು ಮೇಲೆ ಬೀಗ ಹಾಕುವುದಿಲ್ಲ, ಏನಿದೆ ಏನಿಲ್ಲ ಎಂದು ಎಲ್ಲ ವಾರ್ಡಿನವರಿಗೂ ಹೇಳಿಬಿಡುತ್ತೇನೆ ಎಂದಳು. ಅಜ್ಜ ಅಜ್ಜಿ ಬೈಯುತ್ತಾರೆಂದು ಕಾದಳು. ಬೈದಿದ್ದರೆ ಮನಸ್ಸು ಎಷ್ಟೋ ಹಗುರವಾಗುತ್ತಿತ್ತು.

"ಎಲ್ರಿಗೂ ಹೇಳ್ಬೇಡಿ ಸಿಸ್ಟರ್," ಎಂದ ಅಜ್ಜ. "ನಂಗೆ ಮತ್ತೆ ನೀರು ತುಂಬ್ಕೊಳ್ಳುತ್ತೆ. ನಂಗೇಂತ ಒಂದು ಬಚ್ಚಿಟ್ಟಿರಿ."

ಎದುರು ಹಾಸಿಗೆಗೆ ಬೆಳಿಗ್ಗೆ ಬಂದು ಸೇರಿದವನ ಹೊಟ್ಟೆಯೂ ಹಾಗೇ ಊದಿತ್ತು. ಅವನೂ ಕೂತೇ ಇದ್ದ. ಕಪಾಟಿನಲ್ಲಿ ಉಳಿದಿದ್ದು ಒಂದೇ ಸೆಟ್. ಆಕೆ ಅದನ್ನು ತಂದು ಚಿಕ್ಕ ನರ್ಸಿನ ಕೈಗಿಟ್ಟು, ಎದುರು ಹಾಸಿಗೆಗೆ ತಯಾರಿ ಮಾಡು ಎಂದಳು.

ಅಜ್ಜ ಅದನ್ನು ನೋಡುತ್ತಲೇ ಇದ್ದ. ಎಷ್ಟೋ ದಿನಗಳ ಮೇಲೆ ಮಗ್ಗುಲಾಗಲು ಬರುವಂತಾಗಿತ್ತು. ಆಕೆಗೆ ಬೆನ್ನು ಮಾಡಿ, ಗೋಡೆಯ ಕಡೆ ತಿರುಗಿ ಮಲಗಿದ.