ಅಂಚು ಮಡಿಸದ ಬಟ್ಟೆ

ನನ್ನ ತಂಗಿ ನಲವತ್ತು ವರ್ಷ ಊರವರ ಬಟ್ಟೆ ಹೊಲಿದವಳು. ಅಂಗಡಿ ಮುಚ್ಚಿದ ಮೇಲೆ ಅವಳ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿದ್ದವು. ಅದನ್ನು ನೋಡಲಾರದೆ ಅವಳ ಸೊಸೆ ಬಣ್ಣದ ಕಾಗದ, ಕಂಬಳಿಯಂಥ ದಪ್ಪ ಫೆಲ್ಟ್ ಬಟ್ಟೆ, ಒಂದು ಡಬ್ಬಿ ಮಣಿ ತಂದಿಟ್ಟು, "ಒಂದು ಹಕ್ಕಿ ಮಾಡಿ ಅತ್ತೆ," ಎಂದಳು.

ತಂಗಿ ಕಾಗದದಲ್ಲಿ ಹಕ್ಕಿಯ ಆಕಾರ ಕತ್ತರಿಸಿ ಫೆಲ್ಟ್ ಮೇಲಿಟ್ಟಳು. ಅಭ್ಯಾಸಬಲದಿಂದ ಸುತ್ತಲೂ ಅರ್ಧ ಇಂಚು ಹೆಚ್ಚಿಗೆ ಬಿಟ್ಟು, ಅಂಚೆಲ್ಲ ಮಡಿಸಿ ಹೊಲಿದಳು. ದಪ್ಪ ಬಟ್ಟೆ ಉಬ್ಬಿ ಹಕ್ಕಿ ತಲೆದಿಂಬಿನ ಹಾಗಾಯಿತು.

"ಇದು ಹಾರೋ ಹಕ್ಕಿಯಲ್ಲ ಕಣೇ, ಮಲಗೋ ಹಕ್ಕಿ," ಎಂದೆ.

"ಹೋಗೇ ಅಕ್ಕಾ! ಇನ್ನು ಈ ಕೈಯಿಂದ ಏನೂ ಆಗಲ್ಲ," ಎಂದು ಅವಳು ಕತ್ತರಿ ಕೆಳಗಿಟ್ಟಳು.

ಸೊಸೆ ನಕ್ಕಳು. "ಇದು ನೂಲು ಬಿಡೋ ಬಟ್ಟೆ ಅಲ್ಲ ಅತ್ತೆ. ಅಂಚು ಮಡಿಸೋದೇ ಬೇಡ."

ತಂಗಿ ನಂಬದೆ ಅಂಚನ್ನು ಉಗುರಿನಿಂದ ಕೆದಕಿ ನೋಡಿದಳು. ಒಂದು ಎಳೆಯೂ ಬರಲಿಲ್ಲ. ಆಮೇಲೆ ಕಾಗದವನ್ನು ಪಕ್ಕಕ್ಕಿಟ್ಟು ನೀಲಿ ಬಟ್ಟೆಗೆ ಕತ್ತರಿ ಹಾಕಿದಳು. ಕಿಟಕಿಯ ಎಳೆಬಿಸಿಲಲ್ಲಿ ಕತ್ತರಿ ನೀರಿನ ಮೇಲಿನ ದೋಣಿಯ ಹಾಗೆ ತಾನೇ ತೇಲುತ್ತ ಹೋಯಿತು. ಬಂದದ್ದು ಅತ್ತ ಹಕ್ಕಿಯೂ ಅಲ್ಲ, ಇತ್ತ ಮೀನೂ ಅಲ್ಲ. ಮಣಿಯೊಂದನ್ನು ಕಣ್ಣಾಗಿ ಹೊಲಿದ ಕೂಡಲೇ ಅದು ನಮ್ಮನ್ನು ನೋಡತೊಡಗಿತು.

"ಯಾರ ಅಳತೆಯೇ ಇದು?" ಎಂದು ಕೇಳಿದೆ.

"ಯಾರದೂ ಅಲ್ಲ," ಎಂದವಳೇ ಹಸಿರು ಬಟ್ಟೆ ಎಳೆದುಕೊಂಡಳು.