ಯಾರಿಗೂ ಬೇಡದಿದ್ದ ಮೂಗು

ನಮ್ಮ ಬತೂಲ್ ಖಾನಂ ತಮ್ಮ ಮೂಗನ್ನು ಕಳೆದುಕೊಂಡದ್ದು ದಾಕ್ಷಿಣ್ಯಕ್ಕೆ ಸಿಕ್ಕಿ. ಅದರಲ್ಲಿ ನನ್ನ ಪಾಲೂ ಇದೆ. ಅದನ್ನು ಮುಚ್ಚಿಟ್ಟುಕೊಂಡು ಕಥೆ ಹೇಳುವ ಹೆಂಗಸು ನಾನಲ್ಲ.

ತೆಹರಾನಿನಲ್ಲಿ ಡಾಕ್ಟರ್ ಸರ್ಮದಿಯವರ ಮೂಗಿನ ಕ್ಲಿನಿಕ್ಕಿದೆಯಲ್ಲ, ಅದರ ಬಾಗಿಲ ಬಳಿಯ ಮೇಜಿನಲ್ಲಿ ಹದಿಮೂರು ವರ್ಷಗಳಿಂದ ಕೂತಿರುವ ಮೆಹ್ರಿ ನಾನೇ. ಆಪರೇಷನ್ನಿಗೆ ದಿನ ಕೊಡುವುದು, ಫೋನ್ ಎತ್ತುವುದು, ಗಲಾಟೆ ಮಾಡುವವರ ಬಾಯಿ ಮುಚ್ಚಿಸುವುದು ನನ್ನ ಕೆಲಸ. ನಾನು ತಬ್ರೀಜಿನವಳು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬತೂಲ್ ಖಾನಂ ಒಳಕೋಣೆಯಲ್ಲಿ ಡ್ರೆಸಿಂಗ್ ಮಾಡುವ ನರ್ಸು. ಇಪ್ಪತ್ತಾರು ವರ್ಷಗಳಿಂದ ಊರಿನವರ ಹೊಸ ಮೂಗುಗಳ ಪ್ಲಾಸ್ಟರ್ ಬಿಚ್ಚಿದ ಅವರ ಸ್ವಂತ ಮೂಗು ಹೇಗಿತ್ತು ಅಂತೀರಿ? ನಡುವೆ ಗೂನು, ತುದಿ ಕೆಳಕ್ಕೆ ಬಾಗಿದ್ದು. ಅವರಿಗಿಂತ ಒಂದು ಹೆಜ್ಜೆ ಮೊದಲೇ ಅದು ಬಾಗಿಲು ದಾಟುತ್ತಿತ್ತು.

"ಇಷ್ಟು ವರ್ಷ ಇಲ್ಲೇ ಇದ್ದೀರಿ, ನೀವು ಯಾಕೆ ಮಾಡಿಸ್ಕೊಂಡಿಲ್ಲ?" ಎಂದು ಹುಡುಗಿಯರು ಕೇಳಿದರೆ ನಗುತ್ತಿದ್ದರು. "ನನ್ನ ಮೂಗಿಗೆ ಕೈತುಂಬಾ ಕೆಲಸ ಕಣೇ, ರಜಾ ಸಿಗಲ್ಲ."

ಸುಳ್ಳಲ್ಲ. ಗಾಯ ಕೀವು ಕಟ್ಟುವ ಮೊದಲೇ, ಜ್ವರ ಏರುವ ಮೊದಲೇ ಬತೂಲ್ ಖಾನಂಗೆ ವಾಸನೆ ಬಡಿಯುತ್ತಿತ್ತು. ಕಜ್ವೀನಿನಿಂದ ಬಂದಿದ್ದ ಒಬ್ಬ ಟೀಚರಮ್ಮ ಪಟ್ಟಿ ಬದಲಿಸಿಕೊಂಡು ನಗುನಗುತ್ತಾ ಹೊರಟಿದ್ದಳು. ಇವರು ಬಾಗಿಲಿಗೆ ಅಡ್ಡ ನಿಂತು, "ಮೆಹ್ರಿ, ಡಾಕ್ಟರನ್ನ ಕರಿ, ಈ ಮಗು ಮನೆಗೆ ಹೋಗೋ ಹಾಗಿಲ್ಲ" ಅಂದರು. ಇನ್ನು ಎರಡು ದಿನ ಬಿಟ್ಟಿದ್ದರೆ ಕೀವು ಮೂಗಿನ ಮೂಳೆಗೇ ಇಳಿಯುತ್ತಿತ್ತು ಎಂದು ಡಾಕ್ಟರೇ ಆಮೇಲೆ ಹೇಳಿದರು.

ತೆಹರಾನಿನಲ್ಲಿ ಮೂಗಿನ ಮೇಲಿನ ಪಟ್ಟಿಯನ್ನು ಯಾರೂ ಮರೆಮಾಡುವುದಿಲ್ಲ. ಆಪರೇಷನ್ ಆಗದವರೂ ಜಂಬಕ್ಕೆ ಅಂಟಿಸಿಕೊಂಡು ಬಜಾರು ಸುತ್ತುತ್ತಾರೆ! ಹಾಗಾಗಿ ಕ್ಲಿನಿಕ್ಕಿಗೆ ಬರುವವರಿಗೆ ಎಲ್ಲಿಲ್ಲದ ಆತುರ. ಬತೂಲ್ ಖಾನಂ ಎಲ್ಲರನ್ನೂ ಒಮ್ಮೆ ಕೂರಿಸಿ ಮಾತಾಡುತ್ತಿದ್ದರು.

"ಸಿನಿಮಾದವಳ ಫೋಟೋ ತಂದಿದೀಯ ಸರಿ, ಅವಳ ಮುಖಾನೂ ತಂದಿದೀಯಾ? ನಿನ್ನ ಮುಖಕ್ಕೆ ನಿನ್ನದೇ ಮೂಗು ಬೇಕು. ಮುಂದಿನ ತಿಂಗಳು ಮದುವೆ ಇದ್ರೆ ಈಗ ಬೇಡ, ಊತ ಪೂರ್ತಿ ಇಳಿಯೋಕೆ ಒಂದು ವರ್ಷ ಬೇಕು. ಸರಿ ಹೋಗ್ಲಿಲ್ಲ ಅಂತ ಮತ್ತೆ ಮಾಡಿಸೋಕೂ ವರ್ಷ ಕಾಯ್ಬೇಕು. ಆಸ್ಪಿರಿನ್, ಸಿಗರೇಟು ಅಭ್ಯಾಸ ಇದ್ರೆ ನಿಮ್ಮಮ್ಮನ ಹತ್ರ ಮುಚ್ಚಿಡು, ನನ್ನ ಹತ್ರ ಬೇಡ. ಉಸಿರಾಟ ಸರಿ ಇದ್ಯಾ, ಮೊದಲು ನೋಡಿಸ್ಕೋ. ಇನ್ನೊಂದು ಮಾತು, ಸ್ವಲ್ಪ ದಿನ ವಾಸನೆ ತಿಳಿಯಲ್ಲ. ಎಲ್ಲೋ ಒಬ್ಬಿಬ್ಬರಿಗೆ ಅದು ವಾಪಸ್ ಬರೋದೇ ಇಲ್ಲ."

ಈ ಮಾತು ಕೇಳಿ ಕೆಲವರು ಎದ್ದು ಹೋಗುತ್ತಿದ್ದರು. ಡಾಕ್ಟರ್ ಒಂದು ದಿನವೂ ಗೊಣಗಿದವರಲ್ಲ. ಮನುಷ್ಯ ಒಳ್ಳೆಯವರು, ಅದನ್ನೂ ಹೇಳಲೇಬೇಕು.

ಹೋದ ಹೊಸ ವರ್ಷದ ಹಬ್ಬಕ್ಕೆ ಕ್ಲಿನಿಕ್ಕಿನಲ್ಲಿ ಎಲ್ಲರೂ ಚಹಾಕ್ಕೆ ಸೇರಿದ್ದೆವು. ಪಿಸ್ತಾ, ಕಡಲೆಹಿಟ್ಟಿನ ಮಿಠಾಯಿ, ನಗು. ಯಾರೋ ಬತೂಲ್ ಖಾನಂರನ್ನು ಹೊಗಳಿದರು. ಡಾಕ್ಟರ್ ಎದೆಯ ಮೇಲೆ ಕೈಯಿಟ್ಟು, "ಖಾನಂ, ನಿಮ್ಮ ಋಣ ನನ್ನ ಮೇಲಿದೆ. ನಿಮ್ಮ ಮೂಗು ನಾನೇ ಮಾಡಿಕೊಡ್ತೀನಿ. ಅಪ್ಪಣೆ ಕೊಡಿ ಸಾಕು" ಅಂದರು.

ನಮ್ಮವರ ಉಪಚಾರ ನಿಮಗೆ ಗೊತ್ತೇ ಇದೆ. ಟ್ಯಾಕ್ಸಿಯವನು "ದುಡ್ಡು ಯಾಕೆ ಖಾನಂ, ನಿಮ್ಮದೇ ಗಾಡಿ" ಅಂದ ಮಾತ್ರಕ್ಕೆ ಸುಮ್ಮನೆ ಇಳಿದು ಹೋಗುವುದಲ್ಲ. ಮೊದಲ ಸಲ ಕರೆದರೆ ಬೇಡ ಅನ್ನಬೇಕು, ಎರಡನೆಯ ಸಲವೂ ಅನ್ನಬೇಕು. ಮೂರನೆಯ ಸಲ ಕರೆದರೆ ಅದು ನಿಜವಾದ ಕರೆ. ಆಗಲೂ ಒಲ್ಲೆ ಅಂದರೆ ಕರೆದವರ ಮುಖಕ್ಕೆ ಹೊಡೆದಂತೆ.

"ನಿಮ್ಮ ಕೈ ನೋಯದಿರಲಿ ಡಾಕ್ಟರ್. ನಾನೆಲ್ಲಿ, ಅದೆಲ್ಲಿ" ಎಂದು ಬತೂಲ್ ಖಾನಂ ನಮ್ಮ ರೂಢಿಯಂತೆ ಕೃತಜ್ಞತೆ ಹೇಳಿ ಒಲ್ಲೆ ಅಂದರು.

"ಹಾಗನ್ನಬೇಡಿ, ಮಾಡ್ಲೇಬೇಕು."

"ಅಯ್ಯೋ, ಈ ವಯಸ್ಸಲ್ಲಿ ನಿಮಗೆ ತೊಂದರೆ ಕೊಡೋದಾ?"

ಅಲ್ಲಿಗೆ ನಿಲ್ಲಬೇಕಿತ್ತು. ಎಲ್ಲರ ಕಣ್ಣೂ ಡಾಕ್ಟರ ಮೇಲೆ ನೆಟ್ಟಿತ್ತು. ಪಾಪ, ಅವರು ಮೂರನೆಯ ಸಲವೂ ಅಂದುಬಿಟ್ಟರು. ಬತೂಲ್ ಖಾನಂ ತಲೆ ತಗ್ಗಿಸಿ, "ನಿಮ್ಮ ಇಷ್ಟ" ಅಂದರು. ನಾನು ಬಾಯಿಬಡುಕಿ, ಓಡಿಹೋಗಿ ಡೈರಿ ತಂದೆ. "ಮುಂದಿನ ತಿಂಗಳು ಹನ್ನೆರಡನೇ ತಾರೀಖು ಖಾಲಿ ಇದೆ!" ಎಂದು ಕೂಗಿ ಬರೆದೂಬಿಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಹನ್ನೆರಡನೇ ತಾರೀಖಿನ ಬೆಳಿಗ್ಗೆ ಆಸ್ಪತ್ರೆಯ ಗೌನು ತೊಟ್ಟು ಮಂಚದ ಅಂಚಿನಲ್ಲಿ ಕೂತಿದ್ದ ಬತೂಲ್ ಖಾನಂ ನನ್ನ ಕೈ ಹಿಡಿದುಕೊಂಡರು. "ಮೆಹ್ರಿ ಜಾನ್, ಡಾಕ್ಟರು ಇವತ್ತು ಸುಸ್ತಾಗಿರೋ ಹಾಗೆ ಕಾಣ್ತಾರೆ, ಅಲ್ವಾ?"

"ಛೇ, ಹೂವಿನ ಹಾಗಿದ್ದಾರೆ" ಅಂದೆ.

ಹೊರಗೆ ಬಂದರೆ ಡಾಕ್ಟರ್ ನನ್ನನ್ನು ತಡೆದರು. "ಬತೂಲ್ ಖಾನಂಗೆ ಬಿಪಿ ಏನಾದ್ರೂ ಜಾಸ್ತಿ ತೋರಿಸ್ತಿದ್ಯಾ?"

"ಎಲ್ಲಾ ಸರಿಯಾಗಿದೆ ಡಾಕ್ಟರ್!"

ಇಬ್ಬರೂ ನನ್ನಿಂದ ಒಂದು ನೆಪ ಬೇಡುತ್ತಿದ್ದರು. ನನ್ನ ದಡ್ಡ ತಲೆಗೆ ಹೊಳೆಯಲಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ಅಕ್ಕಪಕ್ಕದವರು ಹಣ್ಣಿನ ಡಬ್ಬಿಗಳನ್ನು ಹಿಡಿದು ಬಂದು "ಮುಬಾರಕ್" ಹೇಳಿದರು. ಪುಟ್ಟದಾದ, ನೇರವಾದ, ಅಂದದ ಮೂಗು. ಅದು ಯಾರ ಮುಖದ ಮೇಲಾದರೂ ಇರಬಹುದಿತ್ತು. ಡಾಕ್ಟರ್ ವಾರಕ್ಕೊಮ್ಮೆ ಗಲ್ಲ ಎತ್ತಿ ನೋಡಿ, "ಹೇಗಿದೆ ಖಾನಂ?" ಎಂದು ಕೇಳುತ್ತಿದ್ದರು. "ನಿಮ್ಮ ಕೈ ನೋಯದಿರಲಿ, ಎಲ್ಲಾ ಚೆನ್ನಾಗಿದೆ" ಎನ್ನುವುದು ಇವರ ಉತ್ತರ.

ಒಂದು ಮಧ್ಯಾಹ್ನ ಚಹಾ ಕೋಣೆಗೆ ಹೋದರೆ ಹೊಗೆಯೋ ಹೊಗೆ. ನನ್ನ ಊಟದ ಪಾತ್ರೆ ಒಲೆಯ ಮೇಲೆ ತಳ ಹಿಡಿದು ಸೀದುಹೋಗಿತ್ತು. ಒಲೆಗೆ ಬೆನ್ನು ಮಾಡಿಕೊಂಡು, ಒಂದು ಮಾರು ದೂರದಲ್ಲಿ ಬತೂಲ್ ಖಾನಂ ಪಟ್ಟಿ ಕತ್ತರಿಸುತ್ತಾ ಕೂತಿದ್ದಾರೆ! ನನಗೆ ಎಲ್ಲಿತ್ತೋ ಕೋಪ. "ಮೂಗಿಲ್ವಾ ನಿಮಗೆ?" ಎಂದು ಕಿರುಚಿದೆ. ಅವರು ನನ್ನನ್ನು ನೋಡಿದರು, ಪಾತ್ರೆ ಇಳಿಸಿ ಉಜ್ಜಲು ಕೂತರು. ಅವರ ಬೆನ್ನು ಅಲುಗುತ್ತಿತ್ತು. ಆಗಲೂ ನಾನು ಕೇಳಲಿಲ್ಲ. ಕೇಳಬೇಕಿತ್ತು.

ನಾಲ್ಕನೆಯ ತಿಂಗಳು. ರೋಜೀನ್ ಎಂಬ ಕಾಲೇಜು ಹುಡುಗಿ ಪಟ್ಟಿ ಬದಲಿಸಿಕೊಳ್ಳಲು ಬಂದಳು. ಬತೂಲ್ ಖಾನಂ ಅವಳ ಮುಖದ ಮೇಲೆ ಬಾಗಿದರು, ಎದ್ದರು, ಮತ್ತೆ ಬಾಗಿದರು. "ಮೆಹ್ರಿ, ಡಾಕ್ಟರನ್ನ ಕರಿ."

ಡಾಕ್ಟರ್ ಓಡಿಬಂದರು. "ಏನು, ವಾಸನೆ ಬಂತಾ?"

"ಬರ್ಲಿಲ್ಲ. ಅದಕ್ಕೇ ಕರೆದೆ."

ಹುಡುಗಿಯ ಗಾಯ ಸರಿಯಾಗಿಯೇ ಇತ್ತು. ಅವಳನ್ನು ಕಳಿಸಿದ ಮೇಲೆ ಬತೂಲ್ ಖಾನಂ ನಿಂತುಕೊಂಡೇ ಹೇಳಿದರು. "ಆಪರೇಷನ್ ಆದಾಗಿಂದ ನನಗೆ ಏನೂ ತಿಳೀತಿಲ್ಲ ಡಾಕ್ಟರ್. ಸ್ಪಿರಿಟ್ ಇಲ್ಲ, ಚಹಾ ಇಲ್ಲ, ನಮ್ಮಮ್ಮನ ಚಾದರದ ವಾಸನೇನೂ ಇಲ್ಲ. ಇನ್ಮೇಲೆ ನನ್ನ ನಂಬ್ಕೊಂಡು ಯಾರನ್ನೂ ಮನೆಗೆ ಕಳಿಸ್ಬೇಡಿ."

"ವಾರವಾರ ಕೇಳ್ತಿದ್ನಲ್ಲ ಖಾನಂ!"

"ಅಷ್ಟು ಆಸೆಯಿಂದ ಕೇಳ್ತಿದ್ರಿ. ಹೇಗೆ ಹೇಳ್ಲಿ?"

ಡಾಕ್ಟರ್ ರೋಗಿಯ ಕುರ್ಚಿಯಲ್ಲೇ ಕುಸಿದು ಕೂತರು. "ನಿಜ ಹೇಳಿ. ಈ ಮೂಗು ನಿಮಗೆ ಬೇಕಿತ್ತಾ?"

"ಇಲ್ಲ."

"ನನಗೂ ಬೇಕಿರ್ಲಿಲ್ಲ" ಅಂದರು ಡಾಕ್ಟರ್. "ನೀವು ಮೂರನೇ ಸಲವೂ ಬೇಡ ಅಂತೀರಿ ಅಂದ್ಕೊಂಡಿದ್ದೆ."

ನಾನು ಬಾಗಿಲಲ್ಲಿ ನಿಂತು ಅತ್ತೆ. ಡೈರಿ ತಂದವಳು ನಾನೇ ತಾನೇ.

ವಾಸನೆ ವಾಪಸ್ ಬರಬಹುದು, ವರ್ಷ ನೋಡೋಣ ಎಂದು ಡಾಕ್ಟರ್ ಹೇಳಿದ್ದಾರೆ. ಕೆಲಸ ಬಿಡುತ್ತೇನೆಂದ ಬತೂಲ್ ಖಾನಂರನ್ನು ಬಿಡಲಿಲ್ಲ. ಪಟ್ಟಿ ಬಿಚ್ಚುವುದನ್ನು ಈಗ ಇನ್ನೊಬ್ಬ ನರ್ಸು ನೋಡಿಕೊಳ್ಳುತ್ತಾಳೆ. ಆಪರೇಷನ್ನಿಗೆ ಬಂದವರ ಜೊತೆ ಮೊದಲು ಕೂತು ಮಾತಾಡುವುದಷ್ಟೇ ಇವರ ಕೆಲಸ. ಆ ಹಳೆಯ ಬುದ್ಧಿಮಾತುಗಳನ್ನೆಲ್ಲ ಹೇಳಿ ಮುಗಿಸಿ, ಕೊನೆಗೆ ಕೇಳುತ್ತಾರೆ, "ಈ ಮೂಗು ನಿನಗೆ ಬೇಕಾ?" ಹೂಂ ಅಂದರೆ ಚಹಾ ಕೊಟ್ಟು ಮತ್ತೆ ಕೇಳುತ್ತಾರೆ. ಆಮೇಲೆ ಜೊತೆಗೆ ಬಂದವರನ್ನು ಹೊರಗೆ ಕಳಿಸಿ, ಬಾಗಿಲು ಹಾಕಿ, ಮೂರನೆಯ ಸಲ ಕೇಳುತ್ತಾರೆ. ಆ ಉತ್ತರವನ್ನೇ ನಾನು ಡೈರಿಯಲ್ಲಿ ಬರೆಯುವುದು.

ಹೀಗೆ ಮೂರನೆಯ ಸಲ "ನನಗಲ್ಲ, ನಮ್ಮತ್ತೆಗೆ ಬೇಕು" ಎಂದು ಅತ್ತ ಸಾರಾ ಎಂಬ ಹುಡುಗಿ ತನ್ನ ಮೂಗನ್ನು ಉಳಿಸಿಕೊಂಡು ಮನೆಗೆ ಹೋದಳು. ಮೊನ್ನೆ ಚಳಿಯಲ್ಲಿ ಬಂದು ಬತೂಲ್ ಖಾನಂರ ಮಡಿಲಿಗೆ ಒಂದು ದೊಡ್ಡ ಕಟ್ಟು ನರ್ಗಿಸ್ ಹೂವು ಹಾಕಿದಳು. ಇಡೀ ಕೋಣೆ ಘಮ್ಮೆಂದಿತು. ಅವರು ಹೂವಿನಲ್ಲಿ ಮುಖ ಹುದುಗಿಸಿ, "ಆಹಾ, ಎಂಥ ಪರಿಮಳ! ನಿನ್ನ ಕೈ ನೋಯದಿರಲಿ ಮಗಳೇ" ಅಂದರು. ಅವಳು ಖುಷಿಯಿಂದ ಹೋದಳು.

ನಾನು ಬಾಗಿಲು ಹಾಕಿ ಅವರ ಎದುರು ಕೂತೆ. "ನಿಜವಾಗಿ ಬಂತಾ ಖಾನಂ?"

"ಬಂತು ಮೆಹ್ರಿ ಜಾನ್, ಬರದೇ ಏನು."

"ವಾಸನೆ ಬಂತಾ?"

"ಬಂತು ಅಂದ್ನಲ್ಲೇ."

ನಾನು ಅವರ ಕೈ ಹಿಡಿದುಕೊಂಡು ಮೂರನೆಯ ಸಲ ಕೇಳಿದೆ.

"ಇಲ್ಲ ಕಣೇ" ಅಂದರು ಬತೂಲ್ ಖಾನಂ. "ಇನ್ನೂ ಬಂದಿಲ್ಲ."